ತಾಪಕೀರ ಗಲ್ಲಿಯಲ್ಲಿ ಒಂದು ಶನಿವಾರ

"ಅಮ್ಮಾ, ನನಗೊಂದು ಡಿಜೆ ಸೆಟ್ ಬೇಕು" ಎಂದು ಮಗಳು ಕೇಳಿದಾಗ ನಾನು ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಡಿಜೆ ಎಂದೊಡನೆ ನನ್ನ ಕಣ್ಮುಂದೆ ಬಂದದ್ದು ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳು. ಗುಂಡಿಗೆಯನ್ನೇ ಹಿಡಿದು ಅಲುಗಾಡಿಸುವ ಆ ಸದ್ದು! "ಮನಿಯೊಳಗ ಅದೆಲ್ಲಾ ಬ್ಯಾಡವಾ" ಎಂದುಬಿಟ್ಟೆ.

"ಅದಲ್ಲಮ್ಮಾ" ಎಂದು ಅವಳು ನಕ್ಕಳು. ನವೆಂಬರಿನಲ್ಲಿ ರಾಜ್ಯೋತ್ಸವದ ಸಂಜೆ ಯುವಕರ ಪಾಲಿಗೆ ಅರ್ಧ ಗಂಟೆ ಸಿಕ್ಕಿತ್ತಂತೆ. ಕನ್ನಡ ಹಾಡುಗಳನ್ನು ಒಂದಕ್ಕೊಂದು ಹೆಣೆದು ನುಡಿಸುವ ಕೆಲಸವನ್ನು ಇವಳು ಒಪ್ಪಿಕೊಂಡು ಬಂದಿದ್ದಳು. ಮನೆಪಾಠ ಹೇಳಿ ಕೂಡಿಸಿದ 25,000 ರೂಪಾಯಿ ಅವಳ ಕೈಯಲ್ಲಿತ್ತು. ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಮಾತಾಡುತ್ತಾಳೆ, ಆದರೆ ಓದಲು ಬರುವುದಿಲ್ಲ. ಅವಳು ಕನ್ನಡ ಹಾಡಿಗಾಗಿ ಸ್ವಂತ ದುಡ್ಡು ಖರ್ಚು ಮಾಡುತ್ತೇನೆಂದರೆ ಬೇಡವೆನ್ನಲು ನಾನ್ಯಾರು?

ನಾನು ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಓದಿ, 1993ರಲ್ಲಿ ಮದುವೆಯಾಗಿ ಈ ಊರಿಗೆ ಬಂದವಳು. ಶೇಕ್ಸ್‌ಪಿಯರನನ್ನು ಓದಿದ್ದೇನೆಂಬ ಜಂಬ ಇತ್ತು. ಮಗಳು ತೋರಿಸಿದ ಡಿಜೆ ಯಂತ್ರದ ಕೈಪಿಡಿಯೂ ಇಂಗ್ಲಿಷಿನಲ್ಲೇ ಇತ್ತು. ಒಂದು ಪುಟ ಓದಿದೆ. ಒಂದು ವಾಕ್ಯವೂ ತಲೆಗೆ ಹೋಗಲಿಲ್ಲ! "ಏನ್ ತಗೋತಿ ತಗೋ, ಆದ್ರ ತಿಳಕೊಂಡು ತಗೋ. ನಾನೂ ಬರ್ತೀನಿ" ಎಂದು ಹೊರಟೆ.

ಅದು ಗಣಪತಿ ಹಬ್ಬ ಮುಗಿದು ಪಿತೃಪಕ್ಷ ನಡೆಯುತ್ತಿದ್ದ ಸಮಯ. ಆ ಹದಿನೈದು ದಿನ ಹೊಸ ವಸ್ತು ಕೊಳ್ಳಬಾರದೆಂದು ನಮ್ಮಲ್ಲೂ ಇದೆ, ಮರಾಠಿಗರಲ್ಲೂ ಇದೆ. "ನೋಡಿ ಬರೋಣ, ಕೊಳ್ಳೋದು ಘಟಸ್ಥಾಪನೆ ಆದಮೇಲೆ" ಎಂದು ಕರಾರು ಮಾಡಿದೆ. ಮಗಳು ಮುಖ ಊದಿಸಿಕೊಂಡಳು. ಆದರೆ ಆ ಹದಿನೈದು ದಿನವೇ ನಮ್ಮನ್ನು ಉಳಿಸಿತೆಂದು ಮುಂದೆ ಗೊತ್ತಾಯಿತು.

ನಳ ಸ್ಟಾಪಿನಲ್ಲಿ ಮೆಟ್ರೋ ಹತ್ತಿ, ಸಿವಿಲ್ ಕೋರ್ಟಿನಲ್ಲಿ ಇಳಿದು ನೆಲದ ಅಡಿಗೆ ಹೋದೆವು. ಎಸ್ಕಲೇಟರ್ ಮೇಲೆ ಎಸ್ಕಲೇಟರ್. ನಿಲ್ದಾಣ ನೆಲದಿಂದ ಸುಮಾರು 33 ಮೀಟರ್ ಆಳದಲ್ಲಿದೆ. ಅಲ್ಲಿಂದ ಸ್ವಾರಗೇಟಿನ ಕಡೆಗೆ ಹೋಗುವ ಈ ಸುರಂಗದ ದಾರಿ ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ. ಮುಂದಿನ ನಿಲ್ದಾಣವೇ ಕಸಬಾ ಪೇಠ. ಮೊದಲೆಲ್ಲ ಡೆಕ್ಕನ್ನಿನಿಂದ ಬುಧವಾರ ಪೇಠೆಗೆ ರಿಕ್ಷಾದಲ್ಲಿ ಹೋಗುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. ಈಗ ಪೇಶ್ವೆಯರ ಊರಿನ ಅಡಿಯಲ್ಲಿ ತಣ್ಣಗೆ ಕುಳಿತು ಹೋಗಬಹುದು.

ತಾಪಕೀರ ಗಲ್ಲಿಯನ್ನು ನೀವು ನೋಡಿರಬಹುದು. ದಗಡೂಶೇಟ್ ಗಣಪತಿಯ ಗುಡಿಯಿಂದ ನಡೆದು ಹೋಗುವಷ್ಟೇ ದೂರ. ವೈರು, ಸ್ವಿಚ್ಚು, ಬಲ್ಬು, ಧ್ವನಿಪೆಟ್ಟಿಗೆ, ಮೈಕು. ಇಕ್ಕಟ್ಟಾದ ಓಣಿಯ ಎರಡೂ ಬದಿಗೆ ಅಂಗಡಿಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತಂತಿವೆ. ತಲೆಯ ಮೇಲೆ ಕೈಗಾಡಿಯಿಂದ ಇಳಿಸಿದ ಪೆಟ್ಟಿಗೆ ಹೊತ್ತ ಹಮಾಲರು "ಬಾಜೂಲಾ, ಬಾಜೂಲಾ" ಎಂದು ಕೂಗುತ್ತಾ ಸಾಗುತ್ತಾರೆ. ಪಿತೃಪಕ್ಷವಾದ್ದರಿಂದ ಅಂದು ಗಿರಾಕಿಗಳು ಕಡಿಮೆ. ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿತ್ತು. ಮಧ್ಯಾಹ್ನದ ಒಂದರಿಂದ ನಾಲ್ಕರ ವಿಶ್ರಾಂತಿ ಪುಣೇಕರರ ಜನ್ಮಸಿದ್ಧ ಹಕ್ಕು ಎಂಬ ತಮಾಷೆ ನಿಮಗೆ ಗೊತ್ತಲ್ಲ! ಅದಕ್ಕೇ ಹತ್ತೂವರೆಗೇ ಹೋಗಿದ್ದೆವು.

ಮೊದಲ ಅಂಗಡಿಯಲ್ಲೇ ಮಗಳು ಮರುಳಾದಳು. ಯಾರೋ ಬಳಸಿ ಬಿಟ್ಟ ಒಂದು ಯಂತ್ರ. ಎರಡು ದೊಡ್ಡ ಚಕ್ರ, ಬಣ್ಣಬಣ್ಣದ ದೀಪ, ಬೆಲೆ ಕೇವಲ 6,000. "ಇವತ್ತೇ ಒಯ್ಯಿರಿ" ಎಂದ ಅಂಗಡಿಯವನು. ನಾನು ಪಿತೃಪಕ್ಷವನ್ನು ಅಡ್ಡ ಹಿಡಿದು ಅವಳನ್ನು ಹೊರಗೆ ಎಳೆದು ತಂದೆ. ಹತ್ತಿರದ ಇನ್ನೊಂದು ವಾದ್ಯಗಳ ಅಂಗಡಿಯಲ್ಲಿ ಒಬ್ಬ ಹಿರಿಯರು ನಮ್ಮ ಕಥೆ ಕೇಳಿ, "ಅದರಲ್ಲಿ ಸೌಂಡ್ ಕಾರ್ಡ್ ಇದೆಯೇ ಎಂದು ಕೇಳಿದಿರಾ?" ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅವರು ಹೇಳಿದ್ದನ್ನು ನನ್ನ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಬಡಿಸುವ ಮೊದಲು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತೇವಲ್ಲವೇ? ಹಾಗೆಯೇ ಡಿಜೆ ಮುಂದಿನ ಹಾಡನ್ನು ಮೊದಲು ಹೆಡ್‌ಫೋನಿನಲ್ಲಿ ತಾನೊಬ್ಬಳೇ ಕೇಳಬೇಕು. ಅದೇ ಹೊತ್ತಿಗೆ ಸಭೆಗೆ ಬೇರೆ ಹಾಡು ಕೇಳುತ್ತಿರಬೇಕು. ಅಂದರೆ ಸದ್ದು ಎರಡು ದಾರಿಯಲ್ಲಿ ಬೇರೆ ಬೇರೆಯಾಗಿ ಹೊರಬರಬೇಕು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ದಾರಿ. ಆ ಎರಡನೆಯ ದಾರಿಯನ್ನು ಕೊಡುವುದೇ ಕಂಟ್ರೋಲರಿನ ಒಳಗಿನ ಸೌಂಡ್ ಕಾರ್ಡ್. ಅದಿಲ್ಲದ ಯಂತ್ರ ಬರೀ ಗುಂಡಿಗಳ ಹಲಗೆ. ಆರು ಸಾವಿರಕ್ಕೆ ಕೊಂಡು, ಸೌಂಡ್ ಕಾರ್ಡಿಗೆ ಬೇರೆ ದುಡ್ಡು ಸುರಿಯಬೇಕಾಗಿತ್ತು.

"ಮೊದಲು ಸಾಫ್ಟ್‌ವೇರ್ ಆರಿಸಿ, ಆಮೇಲೆ ಯಂತ್ರ" ಎಂಬುದು ಅವರ ಎರಡನೆಯ ಮಾತು. ಯಂತ್ರ ಕೈ ಇದ್ದಂತೆ, ಸಾಫ್ಟ್‌ವೇರ್ ಬುದ್ಧಿ ಇದ್ದಂತೆ. ರೆಕಾರ್ಡ್‌ಬಾಕ್ಸ್, ಸೆರಾಟೊ, ಟ್ರಾಕ್ಟರ್, ವರ್ಚುವಲ್ ಡಿಜೆ ಎಂದು ನಾಲ್ಕು ದೊಡ್ಡ ಹೆಸರುಗಳು. ಕ್ಲಬ್ಬುಗಳಲ್ಲಿ ಹೆಚ್ಚಾಗಿ ಪಯೋನಿಯರ್ ಡಿಜೆ ಯಂತ್ರಗಳಿರುತ್ತವೆ. ರೆಕಾರ್ಡ್‌ಬಾಕ್ಸಿನಲ್ಲಿ ಮನೆಯಲ್ಲೇ ಹಾಡುಗಳನ್ನು ಸಿದ್ಧಪಡಿಸಿ, ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿ ಚುಚ್ಚಿದರಾಯಿತು. ಮುಂದೆ ಆ ದಾರಿಯಲ್ಲಿ ಹೋಗಬೇಕೆನ್ನುವವರಿಗೆ ಅದು ಅನುಕೂಲ. ಸೆರಾಟೊದ ಲೈಟ್ ಆವೃತ್ತಿ ಉಚಿತ. ಪ್ರೊ ಆವೃತ್ತಿಗೆ ದುಡ್ಡು ಕೊಡಬೇಕು. ಐದನೆಯದು ಮಿಕ್ಸ್, ಇದು ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ.

"ಕೊಳ್ಳುವ ಮೊದಲು ಹದಿನೈದು ದಿನ ಮಿಕ್ಸ್ ಹಾಕಿಕೊಂಡು ಕೀಲಿಮಣೆಯಲ್ಲೇ ಅಭ್ಯಾಸ ಮಾಡು. ಆಗಲೂ ಆಸೆ ಉಳಿದಿದ್ದರೆ ಬಾ" ಎಂದರು ಹಿರಿಯರು. ಮಾರುವವರ ಬಾಯಲ್ಲಿ ಇಂಥ ಮಾತು! ನಾನು ಮನಸ್ಸಿನಲ್ಲೇ ಕೈಮುಗಿದೆ.

ಅಮೃತತುಲ್ಯದ ಚಹಾ ಕುಡಿದು, ಅಪ್ಪಾ ಬಳವಂತ ಚೌಕ ದಾಟಿ, ರಮಣಬಾಗ ಶಾಲೆಯ ಕಡೆಗೆ ನಡೆದೆವು. ದಾರಿಯಲ್ಲಿ ಮಗಳಿಗೆ ಒಂದು ಕಥೆ ಹೇಳಿದೆ. ನಿಮಗೂ ಹೇಳಬೇಕು.

ಗದಗಿನಲ್ಲಿ ಒಬ್ಬ ಹುಡುಗನಿದ್ದ. ಶಾಲೆಯಿಂದ ಬರುವಾಗ ಅಂಗಡಿಯಲ್ಲಿ ಗ್ರಾಮಾಫೋನ್ ಹಚ್ಚಿದ್ದರೆ ನಿಂತುಬಿಡುತ್ತಿದ್ದ. ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆ ಕೇಳಿ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಓಡಿಹೋದ. ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ. ಅವರೇ ಭೀಮಸೇನ ಜೋಶಿ. ಗುರುಗಳು ತೀರಿಕೊಂಡ ಮರುವರ್ಷ, 1953ರಲ್ಲಿ, ಅವರ ಹೆಸರಿನ ಸಂಗೀತೋತ್ಸವವನ್ನು ಪುಣೆಯಲ್ಲಿ ಆರಂಭಿಸಿದರು. ಎಷ್ಟೋ ವರ್ಷ ಅದು ನಡೆದದ್ದು ಇದೇ ರಮಣಬಾಗ ಶಾಲೆಯ ಬಯಲಿನಲ್ಲಿ. ಡಿಸೆಂಬರಿನ ಚಳಿಯಲ್ಲಿ ಕಂಬಳಿ ಹೊದ್ದು ರಾತ್ರಿಯಿಡೀ ನಾವು ಕೇಳಿದ್ದೇವೆ. ಈಗ ಉತ್ಸವ ಮುಕುಂದನಗರದಲ್ಲಿ ನಡೆಯುತ್ತದೆ.

"ಹಂಗಾರ ಆ ಗದಗಿನ ಅಂಗಡಿಯವನೂ ಒಬ್ಬ ಡಿಜೆನೇ ಅಲ್ಲೇನಮ್ಮಾ?" ಎಂದಳು ಮಗಳು. ಯೋಚಿಸಿದರೆ ಹೌದು! ಯಾವ ತಟ್ಟೆಯನ್ನು ಯಾವಾಗ ಹಚ್ಚಬೇಕೆಂದು ಆರಿಸಿದವನು ಅವನೇ. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಜಮೈಕಾದಿಂದ ಬಂದ ವಲಸೆ ಕುಟುಂಬದ ಹುಡುಗ ಕೂಲ್ ಹರ್ಕ್, ಎರಡು ತಟ್ಟೆಯಂತ್ರ ಇಟ್ಟುಕೊಂಡು ತಂಗಿಯ ಸಂತೋಷಕೂಟದಲ್ಲಿ ನುಡಿಸಿದನೆಂದು ಅವಳು ನನಗೆ ಹೇಳಿದಳು. ಅವನೂ ಊರು ಬಿಟ್ಟು ಬಂದವರ ಮಗ, ನಿಮ್ಮ ಹಾಗೆ.

ರಾತ್ರಿಯಿಡೀ ನಡೆಯುತ್ತಿದ್ದ ಸಂಗೀತ ನಿಂತದ್ದು ಏಕೆಂದೂ ಹೇಳಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರಕಾರ ಹಬ್ಬಹರಿದಿನಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಭೀಮಸೇನರ ಶಿಷ್ಯರಿಗೂ ಅದೇ ಕಾನೂನು, ನಿಮಗೂ ಅದೇ.

ಹದಿನೈದು ದಿನ ಅವಳು ಕೀಲಿಮಣೆ ಕುಟ್ಟಿದಳು, ಆಸೆ ಬತ್ತಲಿಲ್ಲ. ಘಟಸ್ಥಾಪನೆಯ ಮರುದಿನ ಮತ್ತೆ ಹೋದೆವು. ಹರ್ಕ್ಯುಲಿಸ್ ಇನ್‌ಪಲ್ಸ್ 200 ಎಂಬ ಸಣ್ಣದು ಅವಳ ದುಡ್ಡಿನೊಳಗೆ ಬರುತ್ತಿತ್ತು. ಪಯೋನಿಯರ್ ಡಿಡಿಜೆ ಎಫ್ಎಲ್ಎಕ್ಸ್ 4 ಅವಳ ದುಡ್ಡನ್ನು ಮೀರುತ್ತಿತ್ತು. ಆದರೆ ಅದು ರೆಕಾರ್ಡ್‌ಬಾಕ್ಸಿಗೂ ಸೆರಾಟೊಗೂ ಹೊಂದುತ್ತದೆ, ಒಳಗೆ ಸೌಂಡ್ ಕಾರ್ಡೂ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನಬೇಕಾದ ನಾನೇ ಡಬ್ಬಿಯೊಳಗಿನ ದುಡ್ಡು ತೆಗೆದು ಹಾಸಿಗೆಯನ್ನು ಸ್ವಲ್ಪ ಉದ್ದ ಮಾಡಿದೆ. ಬಿಲ್ಲು, ವಾರಂಟಿ ಕಾರ್ಡು ಕೇಳಿ ಪಡೆದೆ. ಮುಚ್ಚಿದ ಬಗೆಯ ಹೆಡ್‌ಫೋನ್ ಒಂದು ಕೊಂಡೆವು, ಹೊರಗಿನ ಸದ್ದು ಒಳಗೆ ಬರಬಾರದಲ್ಲ. ಯಂತ್ರದ ಹಿಂದೆ ಕೆಂಪು-ಬಿಳಿ ಆರ್‌ಸಿಎ ತೂತುಗಳು, ಸಭಾಗೃಹದ ಮಿಕ್ಸರಿನಲ್ಲಿ ಕಾಲಿಂಚಿನ ದಪ್ಪ ತೂತುಗಳು. ಎರಡನ್ನೂ ಕೂಡಿಸುವ ಕೇಬಲ್ ತಾಪಕೀರ ಗಲ್ಲಿಯಲ್ಲೇ ಸಿಕ್ಕಿತು. ಅದೊಂದನ್ನು ಮರೆತಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗುತ್ತಿತ್ತು.

ಹೊಸ ಲ್ಯಾಪ್‌ಟಾಪ್ ಬೇಕಾಗಲಿಲ್ಲ. 8 ಜಿಬಿ ರ್‍ಯಾಮ್, ಎಸ್ಎಸ್‌ಡಿ ಇರುವ ಕಾಲೇಜಿನ ಲ್ಯಾಪ್‌ಟಾಪೇ ಸಾಕಾಯಿತು. ಮೊದಮೊದಲು ಹಾಡು ಪಟಪಟ ಎಂದು ಒಡೆಯುತ್ತಿತ್ತು. ಅದಕ್ಕೆ ಕಾರಣ ಬಫರ್. ನಳ ಯಾವಾಗ ನಿಲ್ಲುವುದೋ ಎಂದು ನಾವು ಬಕೀಟು ತುಂಬಿಡುವಂತೆ ಲ್ಯಾಪ್‌ಟಾಪು ಸದ್ದನ್ನು ತುಂಬಿಡುತ್ತದೆ. ಬಕೀಟು ಚಿಕ್ಕದಾದರೆ ಬೇಗ ಬರಿದಾಗಿ ಸದ್ದು ಒಡೆಯುತ್ತದೆ. ದೊಡ್ಡದಾದರೆ ತುಂಬಲು ಹೊತ್ತು ಹಿಡಿದು, ಗುಂಡಿ ಒತ್ತಿದ ಮೇಲೆ ತಡವಾಗಿ ಸದ್ದು ಬರುತ್ತದೆ. ನಡುವಿನ ಅಳತೆ ಹುಡುಕಿಕೊಳ್ಳಬೇಕು. ನುಡಿಸುವಾಗ ವೈ-ಫೈ ಬಂದ್ ಮಾಡಬೇಕು.

ಇನ್ನು ಹಾಡುಗಳು. ನಮ್ಮ ಮನೆಯ ಹಳೆಯ ಫೈಲುಗಳೆಲ್ಲ "ಟ್ರ್ಯಾಕ್ 01, ಟ್ರ್ಯಾಕ್ 02". ಸಣ್ಣ ಸ್ಪೀಕರಿನಲ್ಲಿ ಚೆನ್ನಾಗಿ ಕೇಳುವ ಕಳಪೆ ಫೈಲು ದೊಡ್ಡದರಲ್ಲಿ ತಗಡು ಬಡಿದಂತೆ ಕೇಳುತ್ತದೆ. ಹಾಗಾಗಿ ಬೇಕಾದವನ್ನು ಕೊಂಡು, 320 ಕೆಬಿಪಿಎಸ್ ಎಂಪಿ3ಯಲ್ಲಿ ಇಟ್ಟುಕೊಂಡಳು. ಹೆಸರುಗಳನ್ನು ನಾನು ಕನ್ನಡ ಲಿಪಿಯಲ್ಲೇ ತುಂಬಿದೆ. "ನನಗೆ ಓದಾಕ ಬರೂದಿಲ್ಲಮ್ಮಾ!" ಎಂದಳು. "ಹಾಡು ಬೇಕಾದ್ರ ಓದು" ಎಂದೆ. ದೀಪಾವಳಿಯ ಹೊತ್ತಿಗೆ ತಡವರಿಸದೆ ಓದತೊಡಗಿದಳು. ಹತ್ತು ವರ್ಷ ನಾನು ಬೈದು ಕಲಿಸಲಾರದ್ದನ್ನು ಆ ಪಟ್ಟಿ ಕಲಿಸಿತು.

ಜಗಳವಾದದ್ದು ಒಂದು ಕ್ಯಾಸೆಟ್ಟಿನ ಸಲುವಾಗಿ. 1988ರಲ್ಲಿ ಧಾರವಾಡದ ಮನೆಯಲ್ಲಿ ನನ್ನ ಅವ್ವ ಹಾಡಿದ ಬೀಸುವ ಪದಗಳನ್ನು ನಾನು ಟೇಪ್ ಮಾಡಿಕೊಂಡಿದ್ದೆ. ಅವ್ವ ಈಗಿಲ್ಲ. ಮಗಳು ಹಳೆಯ ಟೇಪ್‌ರೆಕಾರ್ಡರನ್ನು ಸಣ್ಣ ಯುಎಸ್‌ಬಿ ಅಡಾಪ್ಟರಿನ ಮೂಲಕ ಲ್ಯಾಪ್‌ಟಾಪಿಗೆ ಕೂಡಿಸಿ, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇಳಿಸಿದಳು. ಅಷ್ಟಕ್ಕೆ ನಾನು ಅತ್ತುಬಿಟ್ಟೆ. ಮರುದಿನ ಅವಳ ಕೋಣೆಯಿಂದ ಅವ್ವನ ಧ್ವನಿ, ಅದರಡಿಯಲ್ಲಿ ಧಡಧಡ ಡ್ರಮ್ಮು! "ನನ್ನ ಅವ್ವನ್ನ ಲಾರಿ ಮ್ಯಾಲೆ ಕೂಡಿಸಿದೇನು?" ಎಂದು ಕೂಗಿದೆ. ಎರಡು ದಿನ ನಮ್ಮ ನಡುವೆ ಮಾತಿಲ್ಲ.

ಮೂರನೆಯ ದಿನ ಅವಳೇ ಬಂದಳು. "ಅಮ್ಮಾ, ಅಜ್ಜಿಯ ತಾಳ ಸಾಫ್ಟ್‌ವೇರಿಗೆ ಸಿಗವಲ್ದು. ಒಮ್ಮೆ ನಿಮಿಷಕ್ಕೆ 84 ಅಂತದ, ಒಮ್ಮೆ 168 ಅಂತದ. ನಡುವ ಅಜ್ಜಿ ನಿಧಾನ ಮಾಡ್ತಾಳ. ಯಾಕ?" ಸಿನಿಮಾ ಹಾಡುಗಳಿಗೆ ಸಾಫ್ಟ್‌ವೇರು ತಾನೇ ತಾಳದ ಗೆರೆ ಹಾಕಿ, ಸಿಂಕ್ ಗುಂಡಿ ಒತ್ತಿದರೆ ಎರಡನ್ನು ಜೋಡಿಸುತ್ತಿತ್ತು. ಇಲ್ಲಿ ಗೆರೆ ಜಾರುತ್ತಿತ್ತು. ನಾನು ಕಣ್ಣು ಮುಚ್ಚಿ ಕೇಳಿದೆ. ನಿಧಾನವಾಗುವುದು ಅವ್ವ ಕಲ್ಲಿಗೆ ಹಿಡಿ ಜೋಳ ಹಾಕುವ ಹೊತ್ತಿನಲ್ಲಿ! ಟೇಪ್ ಮಾಡುವಾಗ ಅವಳು ಮಂಚದ ಮೇಲೆ ಕೂತಿದ್ದಳು, ಎದುರಿಗೆ ಕಲ್ಲೂ ಇರಲಿಲ್ಲ. ಆದರೆ ಕೈ ಮರೆತಿರಲಿಲ್ಲ. ಇದನ್ನು ಹೇಳಿ ಕೈ ತಿರುಗಿಸಿ ತೋರಿಸಿದೆ. ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಸಿಂಕ್ ಗುಂಡಿ ಬಿಟ್ಟು, ಕಿವಿಯಿಂದಲೇ ಕೇಳಿ ವೇಗದ ಪಟ್ಟಿ ಸರಿಸುವುದನ್ನು ಕಲಿಯತೊಡಗಿದಳು.

ರಾಜ್ಯೋತ್ಸವದ ಸಂಜೆ ಶುರುವಿನಲ್ಲೇ ಲ್ಯಾಪ್‌ಟಾಪಿನ ಸೂಚನೆಯೊಂದು ದೊಡ್ಡ ಸ್ಪೀಕರಿನಲ್ಲಿ "ಟಿಂಗ್" ಎಂದಿತು, ಎಲ್ಲರೂ ನಕ್ಕರು. ನೀವು ಅವನ್ನೆಲ್ಲ ಮೊದಲೇ ಬಂದ್ ಮಾಡಿಕೊಳ್ಳಿ. ಸಾರ್ವಜನಿಕ ಕಾರ್ಯಕ್ರಮಕ್ಕೆ ಐಪಿಆರ್‌ಎಸ್, ಪಿಪಿಎಲ್‌ನಂಥ ಸಂಸ್ಥೆಗಳ ಪರವಾನಗಿ ಬೇಕಾಗಬಹುದು. ಅದನ್ನೂ ಆಯೋಜಕರೊಡನೆ ಮೊದಲೇ ವಿಚಾರಿಸಿ. ನಡುವೆ ಒಮ್ಮೆ ಡ್ರಮ್ಮು ಪೂರ್ತಿ ನಿಂತಿತು. ಒಂದು ನಿಮಿಷ ಅವ್ವ ಒಬ್ಬಳೇ ಹಾಡಿದಳು, ಅಡಿಯಲ್ಲಿ ಏನೂ ಇರಲಿಲ್ಲ. ಹಿಡಿ ಜೋಳ ಹಾಕುವ ಜಾಗದಲ್ಲಿ ಮಗಳು ಮುಂದಿನ ಹಾಡನ್ನು ಮೆಲ್ಲಗೆ ಒಳಗೆ ಬಿಟ್ಟಳು. ಡಿಜೆ ಎಂದರೆ ಗದ್ದಲ ಎಂದು ಮುನಿಸಿಕೊಂಡಿದ್ದ ಹಿರಿಯರೊಬ್ಬರು ಕೊನೆಗೆ ವೇದಿಕೆಗೆ ಹೋಗಿ, "ಅದು ಯಾರ ದನಿ?" ಎಂದು ಕೇಳಿದರು. "ನಮ್ಮ ಅಜ್ಜಿ" ಎಂದಳು.

ಮಕ್ಕಳೇ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದುಬಾರಿ ಯಂತ್ರ ಇಲ್ಲವೆಂದು ನೆಪ ಹೇಳಬೇಡಿ. ಮೊದಲು ಉಚಿತವಾದದ್ದರಲ್ಲಿ ಅಭ್ಯಾಸ ಮಾಡಿ, ಸೌಂಡ್ ಕಾರ್ಡ್ ಕೇಳಿ ಕೊಳ್ಳಿ, ಕೇಬಲ್ ಮರೆಯಬೇಡಿ. ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಕ್ಯಾಸೆಟ್ಟು ಇರಬಹುದು. ಟೇಪಿಗೂ ಆಯುಷ್ಯವಿದೆ, ಅದು ಸವೆದು ಹೋಗುವ ಮೊದಲು ಇಳಿಸಿಕೊಳ್ಳಿ. ಹಾಡಿದವರು ಯಾರೆಂದು ಹೇಳುವವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಡಿ, ಕನ್ನಡದಲ್ಲಿ.