ಕಾಳಿಯೊಡನೆ ವೇಣೂರಿನವರೆಗೆ

ನಮ್ಮ ಮನೆಯ ನಾಯಿಗೆ ಕಾಳಿ ಎಂದು ಹೆಸರಿಟ್ಟವನು ನಾನೇ. ಅದರ ಬಣ್ಣ ಕಪ್ಪು ಎಂಬುದು ಒಂದು ನೆವ ಮಾತ್ರ. ನಿಜವಾದ ಕಾರಣ ಆತಕೂರಿನ ಶಾಸನ. ಕ್ರಿ.ಶ. 949–50ರ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಹೆಬ್ಬಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಚಲ್ಲೇಶ್ವರದ ಮುಂದೆ ಕಲ್ಲು ನೆಡಿಸಿ, ಅದಕ್ಕೆ ಭೂಮಿಯನ್ನು ಬಿಟ್ಟ. ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುವನೆಂಬ ಎಚ್ಚರಿಕೆಯೂ ಅಲ್ಲಿದೆ. ತರಗತಿಯಲ್ಲಿ ಈ ಶಾಸನವನ್ನು ಪಾಠ ಮಾಡುವಾಗಲೆಲ್ಲ ವಿದ್ಯಾರ್ಥಿಗಳ ಮುಖ ಅರಳುವುದನ್ನು ಕಂಡಿದ್ದೇನೆ. ಬೂತುಗನ ಕಾಲದ ಈ ಕಲ್ಲಿಗೂ, 981ರಲ್ಲಿ ಅದೇ ಗಂಗರ ಮಂತ್ರಿ ಚಾವುಂಡರಾಯನು ಬೆಳ್ಗೊಳದಲ್ಲಿ ನಿಲ್ಲಿಸಿದ ಗೊಮ್ಮಟನಿಗೂ ನಡುವೆ ಇರುವುದು ಸುಮಾರು ಮೂವತ್ತು ವರ್ಷ. ಒಂದೇ ಅರಸುಮನೆತನದ ನೆರಳಿನಲ್ಲಿ ಕೊಂದು ಸತ್ತ ನಾಯಿಗೂ ಒಂದು ಕಲ್ಲು, ಗೆದ್ದೂ ಬಿಟ್ಟುಕೊಟ್ಟವನಿಗೂ ಒಂದು ಕಲ್ಲು!

ಜೈನರ ಮನೆಯಲ್ಲಿ ನಾಯಿ ಏಕೆ ಎಂಬ ಪ್ರಶ್ನೆ ನಮ್ಮ ಬಂಧುಗಳಲ್ಲಿ ಇದ್ದೇ ಇತ್ತು. ಅದು ಅಕಾರಣವಾದ ಪ್ರಶ್ನೆಯಲ್ಲ. ಶ್ರಾವಕಾಚಾರದ ಗ್ರಂಥಗಳು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸುತ್ತವೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಜೀವಿಗಳಿಗೆ ಆಗುವ, ನಾವು ಕಾರಣರಾಗುವ ಹಿಂಸೆ. ನಾನು ಕೊಡುತ್ತಿದ್ದ ಉತ್ತರ ಸಿದ್ಧವಾಗಿತ್ತು: ‘ನಾವು ಸಾಕಿದ್ದಲ್ಲ, ಅದೇ ಬಂದು ಉಳಿಯಿತು.’ ಮಳೆಗಾಲದ ಒಂದು ಸಂಜೆ ಹಿತ್ತಲಿಗೆ ಬಂದ ಮರಿ ಅದು. ಅನ್ನ ಹಾಕಿದೆವು, ಹೋಗಲಿಲ್ಲ. ಆದರೆ ಹೆಸರಿಟ್ಟು ಕರೆದ ಮೇಲೆ ‘ಸಾಕಿದ್ದಲ್ಲ’ ಎನ್ನುವುದು ಎಷ್ಟರಮಟ್ಟಿಗೆ ಸತ್ಯ ಎಂಬುದನ್ನು ಆಗ ವಿಚಾರಿಸಿರಲಿಲ್ಲ.

ಬೆಳ್ಗೊಳದಿಂದ ನಡೆದು ಧರ್ಮಸ್ಥಳ, ವೇಣೂರುಗಳ ಬಾಹುಬಲಿಯನ್ನು ಕಾಣಬೇಕೆಂಬುದು ನನ್ನ ಬಹುದಿನಗಳ ಆಸೆ. ಚನ್ನರಾಯಪಟ್ಟಣ, ಹಾಸನ, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಧರ್ಮಸ್ಥಳ, ಬೆಳ್ತಂಗಡಿ, ವೇಣೂರು – ಇನ್ನೂರು ಕಿಲೋಮೀಟರನ್ನು ಮೀರಿದ ದಾರಿ. ಒಂದು ಚಳಿಗಾಲದಲ್ಲಿ ಎರಡು ವಾರಗಳ ಬಿಡುವು ದೊರೆಯಿತು. ಮನೆಯವರು ಮಗಳ ಬಾಣಂತನಕ್ಕೆಂದು ಹೋಗಿದ್ದರು. ಕಾಳಿಗೆ ಅನ್ನ ಹಾಕುವವರಿರಲಿಲ್ಲ. ಅದರ ಕೊರಳಿಗೆ ಪಟ್ಟಿ ಕಟ್ಟಿ, ಹಗ್ಗ ಹಿಡಿದು ಹೊರಟೆ. ಹೀಗೆ ಅದು ನನ್ನೊಡನೆ ಯಾತ್ರೆಗೆ ಬಂದದ್ದು ಭಕ್ತಿಯಿಂದಲೂ ಅಲ್ಲ, ನನ್ನ ಉದಾರತೆಯಿಂದಲೂ ಅಲ್ಲ, ಅನಿವಾರ್ಯದಿಂದ.

ನಾಯಿಯೊಡನೆ ನಡೆಯುವವನು ತನ್ನ ವೇಳಾಪಟ್ಟಿಯನ್ನು ತಾನೇ ಮಾಡಲಾರ. ಹತ್ತೂವರೆಯ ಹೊತ್ತಿಗೆ ಟಾರು ಕಾಯುತ್ತದೆ. ಚಪ್ಪಲಿ ಹಾಕಿದ ನಮಗೆ ತಿಳಿಯದ ಆ ಬಿಸಿ ಅದರ ಅಂಗಾಲಿಗೆ ತಿಳಿಯುತ್ತದೆ. ಮೂರನೆಯ ದಿನ ಅದು ಕುಂಟಿದಾಗ ನೋಡಿದರೆ ಮುಂಗಾಲಿನ ಮೆತ್ತೆ ಬಿರಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ, ಹಾಸನದಲ್ಲಿ ಒಂದು ದಿನ ನಿಂತೆ. ಅಲ್ಲಿಂದ ಮುಂದೆ ಬೆಳಗಿನ ನಾಲ್ಕು ತಾಸು, ಸಂಜೆಯ ಎರಡು ತಾಸು ಮಾತ್ರ ನಡಿಗೆ, ಸಾಧ್ಯವಾದಷ್ಟೂ ರಸ್ತೆಯಂಚಿನ ಮಣ್ಣಿನಲ್ಲಿ. ಮುನಿಗಳ ವಿಹಾರಕ್ಕೆ ಈರ್ಯಾಸಮಿತಿಯ ನಿಯಮವಿದೆ: ಸೂರ್ಯನ ಬೆಳಕಿನಲ್ಲಿ, ಜನ ತುಳಿದ ಹಾದಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜೀವಿಗಳಿಗೆ ನೋವಾಗದಂತೆ ನಡೆಯಬೇಕು. ಕಾಳಿಯೂ ನೆಲವನ್ನು ಬಿಟ್ಟು ಕಣ್ಣೆತ್ತುತ್ತಿರಲಿಲ್ಲ. ಉದ್ದೇಶ ಮಾತ್ರ ಬೇರೆ. ಸೂರ್ಯಾಸ್ತಕ್ಕೆ ಮುಂಚೆ ನನ್ನ ಊಟದೊಡನೆ ಅದಕ್ಕೂ ಹಾಕುತ್ತಿದ್ದೆ. ರಾತ್ರಿಭೋಜನ ತ್ಯಾಗವನ್ನು ಅದು ಎಷ್ಟು ಪಾಲಿಸಿತೆಂಬುದು ನಾವು ಮಲಗಿದ ಜಗಲಿಗಳ ಸುತ್ತಲಿನ ಕತ್ತಲೆಗೇ ಗೊತ್ತು.

ಊರುಗಳ ಎಲ್ಲೆಯನ್ನು ನನಗೆ ತೋರಿಸಿದ್ದು ಆಯಾ ಊರಿನ ನಾಯಿಗಳು. ಒಂದು ಹುಣಿಸೆಮರದ ಬುಡದಿಂದ ಹಿಂಡು ಬೊಗಳುತ್ತ ಬರುತ್ತಿತ್ತು; ಊರು ದಾಟಿಸಿ, ಯಾವುದೋ ಮೋರಿಯ ಬಳಿ ಗೆರೆ ಎಳೆದಂತೆ ನಿಂತುಬಿಡುತ್ತಿತ್ತು. ದಾನಶಾಸನಗಳಲ್ಲಿ ಮೂಡಲು ಇಂಥ ಮರ, ತೆಂಕಲು ಇಂಥ ಗುಂಡು ಎಂದು ಸೀಮೆ ಹೇಳುವುದನ್ನು ಓದಿದವರಿಗೆ ಆ ನಿಲುಗಡೆಯ ಖಚಿತತೆ ಆಶ್ಚರ್ಯವೆನಿಸದು. ಇಂತಹ ಹಿಂಡುಗಳಿಗಾಗಿಯೇ ನಾನು ಒಂದು ಬೆತ್ತದ ಕೋಲನ್ನು ಇಟ್ಟುಕೊಂಡಿದ್ದೆ. ಆಗ ಆಚಾರಾಂಗ ಸೂತ್ರದ ಒಂದು ಭಾಗ ಪದೇ ಪದೇ ನೆನಪಾಗುತ್ತಿತ್ತು. ಮಹಾವೀರಸ್ವಾಮಿಯು ಲಾಢ ದೇಶದಲ್ಲಿ ವಿಹರಿಸುವಾಗ ಜನ ನಾಯಿಗಳನ್ನು ಛೂಬಿಟ್ಟು ಕಚ್ಚಿಸಿದ ವಿವರ ಅಲ್ಲಿದೆ. ಇತರ ಶ್ರಮಣರು ನಾಯಿಗಳಿಗೆ ಹೆದರಿ ಗಟ್ಟಿ ಕೋಲು ಹಿಡಿದು ತಿರುಗುತ್ತಿದ್ದರು, ಆದರೂ ಕಚ್ಚಿಸಿಕೊಳ್ಳುತ್ತಿದ್ದರು. ಮಹಾವೀರನಾದರೋ ಜೀವಿಗಳ ವಿಷಯದಲ್ಲಿ ದಂಡವನ್ನೇ ಕೆಳಗಿಟ್ಟವನು. ದಂಡ ಎಂಬ ಮಾತಿಗೆ ಕೋಲು, ಶಿಕ್ಷೆ, ಹಿಂಸೆ ಎಂಬ ಮೂರೂ ಅರ್ಥಗಳು ಒಟ್ಟಿಗೆ ಇರುವುದನ್ನು ನಾನು ನಿಘಂಟಿನಿಂದ ಬಲ್ಲವನಾಗಿದ್ದೆ.

ಬೇಲೂರು ದಾಟಿದ ಎರಡನೆಯ ದಿನ. ಕಾಫಿತೋಟಗಳ ನಡುವಿನ ಒಳದಾರಿ; ವಾಹನಗಳ ಸುಳಿವಿಲ್ಲ. ದಾರಿಯ ಬದಿಯಲ್ಲಿ ಅರ್ಧ ಹೂತ ಒಂದು ವೀರಗಲ್ಲು ಕಂಡಿತು. ಬರಹವಿರಬಹುದೇ ಎಂಬ ಆಸೆಯಿಂದ ಹಗ್ಗವನ್ನು ಕೈಬಿಟ್ಟು, ಕಲ್ಲಿನ ಮೇಲಿನ ಪಾಚಿಯನ್ನು ಒರೆಸತೊಡಗಿದೆ. ಬರಹವಿರಲಿಲ್ಲ. ಹಿಂದಿನಿಂದ ಕೋಳಿಗಳ ಕೂಗು, ಹೆಂಗಸೊಬ್ಬರ ಬೊಬ್ಬೆ ಕೇಳಿತು. ಓಡಿಹೋಗಿ ನೋಡಿದರೆ ತೋಟದ ಲೈನ್‌ಮನೆಯ ಅಂಗಳದಲ್ಲಿ ಕಾಳಿ ಒಂದು ಹೇಂಟೆಯ ಕೊರಳನ್ನು ಹಿಡಿದು ನಿಂತಿತ್ತು. ಹೇಂಟೆಯ ರೆಕ್ಕೆ ಇನ್ನೂ ಮಿಡುಕುತ್ತಿತ್ತು. ನಾನು ಏನನ್ನೂ ಯೋಚಿಸಲಿಲ್ಲ. ಕೋಲೆತ್ತಿ ಹೊಡೆದೆ. ಕೋಳಿಯನ್ನು ಬಿಟ್ಟ ಮೇಲೂ ಹೊಡೆದೆ. ಕಾಳಿ ಓಡಲಿಲ್ಲ, ಹೊಟ್ಟೆ ನೆಲಕ್ಕೆ ಹತ್ತುವಂತೆ ಕುಗ್ಗಿ, ನನ್ನ ಕಾಲಿನ ಕಡೆಗೇ ತೆವಳಿತು. ನನ್ನ ಕೈಯನ್ನು ತಡೆದದ್ದು ಕೋಳಿಯ ಒಡತಿಯೇ.

‘ಹೊಡೀಬ್ಯಾಡಿ ಸಾ. ನಾಯಿಗೇನ್ ಗೊತ್ತು? ಹಗ್ಗ ನಿಮ್ ಕೈಲಿತ್ತಲ್ಲ.’

ಬೆಲೆ ಎಷ್ಟೆಂದು ಕೇಳಿದೆ. ಅರ್ಧ ಕೊಡಿ ಸಾಕು ಎಂದರು. ಕೋಳಿ ಹೇಗೂ ಸಾರಿಗಾಯಿತು, ಹೋದದ್ದು ಮೊಟ್ಟೆ ಮಾತ್ರ ಎಂಬುದು ಅವರ ಲೆಕ್ಕ. ಪೂರ್ತಿ ಕೊಟ್ಟು ಹೊರಟೆ. ಕಾಳಿ ಹಿಂದೆ ಬಂತು, ಹಗ್ಗದ ಉದ್ದವನ್ನೆಲ್ಲ ಬಳಸಿಕೊಂಡು, ಎಷ್ಟು ಸಾಧ್ಯವೋ ಅಷ್ಟು ದೂರದಲ್ಲಿ.

ಆ ರಾತ್ರಿ ನಿದ್ರೆ ಬರಲಿಲ್ಲ. ಜನ್ನನ ‘ಯಶೋಧರ ಚರಿತೆ’ಯನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೆ! 1209ರ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರ ನವಿಲಾಗಿಯೂ ಅವನ ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟಿ, ತಮ್ಮದೇ ಅರಮನೆಗೆ ಬಂದು ಸೇರುತ್ತಾರೆ. ನಾಯಿ ನವಿಲನ್ನು ಕೊಲ್ಲುತ್ತದೆ. ಅದನ್ನು ಕಂಡ ಅರಸ ಯಶೋಮತಿ ಸಿಟ್ಟಿನಿಂದ ನಾಯಿಯನ್ನು ಹೊಡೆದು ಕೊಲ್ಲುತ್ತಾನೆ. ಸತ್ತದ್ದು ತಂದೆ, ಕೊಂದದ್ದು ಅಜ್ಜಿಯನ್ನು ಎಂಬುದು ಅವನಿಗೆ ತಿಳಿಯದು. ಈ ಪ್ರಸಂಗವನ್ನು ವಿವರಿಸುವಾಗ ನಾನು ಯಾವಾಗಲೂ ಒತ್ತು ಕೊಡುತ್ತಿದ್ದುದು ಆ ಅಜ್ಞಾನದ ವ್ಯಂಗ್ಯಕ್ಕೆ: ತಿಳಿದಿದ್ದರೆ ಹೊಡೆಯುತ್ತಿದ್ದನೆ? ಆ ರಾತ್ರಿ ತೋರಿದ್ದು ಬೇರೆ. ಅದು ಅಜ್ಜಿಯಾಗಿರದೆ ಬರಿಯ ನಾಯಿಯೇ ಆಗಿದ್ದರೂ ಆ ಪೆಟ್ಟು ಪೆಟ್ಟೇ. ಯಶೋಮತಿ ನವಿಲಿನ ಮೇಲಿನ ಕರುಣೆಯಿಂದಲೇ ನಾಯಿಯನ್ನು ಕೊಂದ; ನಾನೂ ಅಹಿಂಸೆಯ ಪಕ್ಷವಹಿಸಿಯೇ ಕೋಲೆತ್ತಿದ್ದೆ. ಬೇಟೆನಾಯಿಯ ಹೆಸರನ್ನು ಹುಡುಕಿ ಇಟ್ಟವನು, ಆ ಹೆಸರಿನಂತೆ ಅದು ನಡೆದ ದಿನ ದಂಡಿಸಿದೆ. ಹಗ್ಗ ಬಿಟ್ಟದ್ದು ನನ್ನ ಕೈ. ಅನರ್ಥದಂಡವೆಂಬ ವಿಭಾಗವನ್ನು ಶಾಸ್ತ್ರಕಾರರು ಏಕೆ ಮಾಡಿದರೆಂಬುದನ್ನು ಲೈನ್‌ಮನೆಯ ಆ ತಾಯಿ ಮೂರು ಪದಗಳಲ್ಲಿ ಹೇಳಿಬಿಟ್ಟಿದ್ದರು.

ಮುಂದಿನ ದಿನಗಳಲ್ಲಿ, ನಮ್ಮ ಸಾಹಿತ್ಯದಲ್ಲಿ ಬರುವ ನಾಯಿಗಳನ್ನು ಒಂದೊಂದಾಗಿ ನೆನೆಯುತ್ತ ನಡೆದೆ. ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುವಾಗ 2019ರ ನವೆಂಬರಿನ ಸುದ್ದಿ ನೆನಪಾಯಿತು. ತಿರುಮಲದಿಂದ ಶಬರಿಮಲೆಗೆ ನಡೆದು ಹೊರಟಿದ್ದ ಹದಿಮೂರು ಅಯ್ಯಪ್ಪ ಭಕ್ತರ ಹಿಂದೆ ಬೀದಿನಾಯಿಯೊಂದು 480 ಕಿಲೋಮೀಟರು ಬಂದು ಇದೇ ಊರನ್ನು ಮುಟ್ಟಿತ್ತು. ಅದನ್ನು ಓದಿದ ಅನೇಕರು ಮಹಾಪ್ರಸ್ಥಾನದ ಧರ್ಮರಾಯನನ್ನು ಸ್ಮರಿಸಿದ್ದಿರಬೇಕು. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಆ ಪ್ರಸಂಗ ನಮ್ಮ ಎರಡು ಮಹಾಭಾರತಗಳಲ್ಲಿ ಇಲ್ಲವೆಂಬುದು ಗಮನಾರ್ಹ. ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲುತ್ತಾನೆ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ. ವ್ಯಾಸಭಾರತದ ಆ ನಾಯಿ ಕೊನೆಯಲ್ಲಿ ಧರ್ಮದೇವತೆಯಾಗಿ ಪ್ರಕಟವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಅಲ್ಲಿ ನಾಯಿಯೇ ಉಳಿಯುವುದಿಲ್ಲ.

ಜೀವಂಧರನ ಕಥೆಯ ನಾಯಿಯ ಗತಿ ಬೇರೆ. ವಾದೀಭಸಿಂಹನ ‘ಕ್ಷತ್ರಚೂಡಾಮಣಿ’ಯಲ್ಲಿಯೂ ನಮ್ಮ ಭಾಸ್ಕರನ 1424ರ ‘ಜೀವಂಧರ ಚರಿತೆ’ಯಲ್ಲಿಯೂ ಹರಿದುಬಂದ ಕಥೆ ಅದು. ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರ ಪಂಚನಮಸ್ಕಾರ ಮಂತ್ರವನ್ನು ಉಪದೇಶಿಸುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಅವನನ್ನು ಸಾವಿನಿಂದ ಪಾರುಮಾಡುತ್ತದೆ. ಇಲ್ಲಿ ನಾಯಿ ವೇಷವಲ್ಲ. ಅದು ನಿಜವಾಗಿಯೂ ನಾಯಿ; ತನ್ನದೇ ಕರ್ಮ, ತನ್ನದೇ ನೋವು, ತನ್ನದೇ ಮುಂದಿನ ಪಯಣವುಳ್ಳ ಜೀವ. ಧರ್ಮದಿಂದ ನಾಯಿಯೂ ದೇವನಾಗುತ್ತದೆ, ಪಾಪದಿಂದ ದೇವನೂ ನಾಯಿಯಾಗುತ್ತಾನೆ ಎಂಬ ಸಮಂತಭದ್ರಾಚಾರ್ಯರ ಮಾತು ಬಂದಿರುವುದು ಗೃಹಸ್ಥರಿಗೆಂದೇ ಬರೆದ ‘ರತ್ನಕರಂಡಕ’ದಲ್ಲಿ ಎಂಬುದನ್ನೂ ನೆನೆಯಬೇಕು. ಈ ಕಥೆಯನ್ನು ಹೇಳುವಾಗಲೂ ನಾನು ಮಂತ್ರಮಹಿಮೆಯ ಕಡೆಗೇ ತಿರುಗುತ್ತಿದ್ದೆ. ಆ ನಾಯಿಯನ್ನು ಹೊಡೆದವರೂ ಒಂದು ಪಾವಿತ್ರ್ಯವನ್ನು ಕಾಪಾಡಲೆಂದೇ ಹೊಡೆದರು ಎಂಬುದು, ಕೋಲು ಹಿಡಿದ ಕೈಯಿಂದ ಪುಸ್ತಕ ತೆರೆದಾಗ ಮಾತ್ರ ಕಾಣುವ ಸಂಗತಿ.

ದಂಡವನ್ನು ಅಲ್ಲಿಯೇ ಎಸೆದೆನೆಂದು ಬರೆದರೆ ಚೆನ್ನಾಗಿರುತ್ತಿತ್ತು. ಎಸೆಯಲಿಲ್ಲ, ಚಾರ್ಮಾಡಿಯ ಇಳಿಜಾರಿನಲ್ಲಿ ನನ್ನ ಮೊಣಕಾಲಿಗೆ ಅದು ಬೇಕಿತ್ತು. ಘಟ್ಟದಲ್ಲಿ ಚಿರತೆಯ ಭಯ, ಚಿರತೆಗೆ ನಾಯಿಯ ಮೇಲೆ ಕಣ್ಣು. ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಹಾಡುಹಗಲಲ್ಲಿಯೇ ಇಳಿದೆವು. ಮೊದಲು ಕಾಳಿ ಹಿಂದೆಯೇ ಇತ್ತು. ಒಂದು ತಿರುವಿನಲ್ಲಿ, ಬಂಡೆಯಿಂದ ಒಸರುವ ನೀರಿನ ಬಳಿ ನಾನು ಕುಳಿತಾಗ, ಅದು ಬಂದು ನೀರು ಕುಡಿದು, ಕೋಲನ್ನು ಒಮ್ಮೆ ಮೂಸಿ, ನನ್ನ ಪಕ್ಕದಲ್ಲಿ ಮಲಗಿತು. ಕ್ಷಮಿಸಿತು ಎನ್ನುವ ಅಧಿಕಾರ ನನಗಿಲ್ಲ. ಪರ್ಯೂಷಣದ ಕೊನೆಗೆ ನಾವು ಸಕಲ ಜೀವಿಗಳಲ್ಲಿ ಕ್ಷಮೆ ಬೇಡುತ್ತೇವೆ. ‘ಸಕಲ’ ಎಂಬಲ್ಲಿ ಹೆಸರುಳ್ಳ ಒಂದು ಜೀವ ನನ್ನ ಮನಸ್ಸಿಗೆ ಬಂದದ್ದು ಅಂದೇ ಮೊದಲು.

ಧರ್ಮಸ್ಥಳದಲ್ಲಿ ನಾಯಿಯನ್ನು ಪರಿಚಿತರೊಬ್ಬರ ಅಂಗಳದಲ್ಲಿ ಬಿಟ್ಟು, 1982ರಲ್ಲಿ ಪ್ರತಿಷ್ಠೆಯಾದ ಬಾಹುಬಲಿಯ ದರ್ಶನ ಮಾಡಿದೆ. ಎರಡು ದಿನಗಳ ಮೇಲೆ ವೇಣೂರನ್ನು ಮುಟ್ಟಿದೆವು. ಫಲ್ಗುಣಿ ನದಿಯ ದಡದ ಈ ಮೂರ್ತಿಯನ್ನು 1604ರಲ್ಲಿ ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ಎತ್ತರ 35 ಅಡಿ. ಪ್ರಾಕಾರದ ಹೊರಗಿನಿಂದಲೂ ತಲೆ, ಭುಜಗಳು ಕಾಣುತ್ತವೆ. ಕಾಳಿಯನ್ನು ಒಳಗೆ ಒಯ್ಯುವಂತಿರಲಿಲ್ಲ. ಹೊರಗೆ ಒಂದು ಮರಕ್ಕೆ ಕಟ್ಟಿ ಒಳಗೆ ಹೋಗಿಬರಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ನಾನು ಹೋಗಲಿಲ್ಲ. ಧರ್ಮರಾಯನ ಪರೀಕ್ಷೆಯಲ್ಲಿ ಉತ್ತೀರ್ಣನಾಗಲೆಂದಲ್ಲ. ಹಗ್ಗ ಬಿಡುವುದು ಬೇಡವೆನಿಸಿತು, ಅಷ್ಟೆ.

ಗೋಡೆಯ ಹೊರಗೆ, ನೆರಳಿನಲ್ಲಿ ಕುಳಿತು, ನಿಂತೇ ಇರುವ ಆ ಮೂರ್ತಿಯನ್ನು ನೋಡಿದೆ. ನಿತ್ಯದಂತೆ ನಮಸ್ಕಾರ ಮಂತ್ರವನ್ನು ಹೇಳಿಕೊಂಡೆ. ಎಂದೂ ಮನಸ್ಸಿನಲ್ಲಿ ಹೇಳಿಕೊಳ್ಳುವವನು ಅಂದು ಸ್ವಲ್ಪ ಧ್ವನಿ ತೆಗೆದೇ ಹೇಳಿದೆ. ಕಾಳಿ ಅಂಗಾಲನ್ನು ನೆಕ್ಕಿಕೊಳ್ಳುತ್ತಿತ್ತು. ಬಿರುಕು ಮುಚ್ಚಿತ್ತು. ಅದರ ಬೆನ್ನಿನ ಎಡಭಾಗವನ್ನು ನಾನು ಸವರಿದಾಗ ಮಾತ್ರ ಚರ್ಮ ಒಮ್ಮೆ ಅದುರಿತು.