ಹಿಡಿಕೆ ಇಲ್ಲದ ಪಂಪು

ಆಫೀಸ್ ಕೆಲಸದ ಮೇಲೆ ಎರಡು ವಾರ ಲಂಡನ್‌ಗೆ ಹೋಗಿದ್ದೆ. ಸಿಕ್ಕಿದ್ದು ಒಂದೇ ಶನಿವಾರ. ಟೀಮಿನವರೆಲ್ಲ ಲಂಡನ್ ಐ ಕಡೆ ಹೊರಟರು. ನಾನು ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಇಳಿದು, ಕಾರ್ನಬಿ ಸ್ಟ್ರೀಟ್‌ನ ಅಂಗಡಿಗಳನ್ನು ದಾಟಿ ಬ್ರಾಡ್‌ವಿಕ್ ಸ್ಟ್ರೀಟಿಗೆ ಬಂದೆ. ನೋಡೋಕೆ ಬಂದಿದ್ದು ಒಂದು ಕೈಪಂಪು! ಹಳೆಯದರ ಪ್ರತಿಕೃತಿ ಅಷ್ಟೇ. ನೀರು ಬರಲ್ಲ, ಹಿಡಿಕೆಯೂ ಇಲ್ಲ. ಆ ಹಿಡಿಕೆ ಇಲ್ಲದಿರೋದೇ ಕಥೆ.

ಆಗ ಇದರ ಹೆಸರು ಬ್ರಾಡ್ ಸ್ಟ್ರೀಟ್. 1854ರ ಆಗಸ್ಟ್ 31ರ ರಾತ್ರಿ ಇಲ್ಲಿ ಕಾಲರಾ ಭುಗಿಲೆದ್ದಿತು. ಹತ್ತು ದಿನದಲ್ಲಿ, ಸುತ್ತಲಿನ 250 ಗಜದೊಳಗೆ 500ಕ್ಕೂ ಹೆಚ್ಚು ಜನ ಸತ್ತರು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಸರ್ಕಾರ, ಹೆಚ್ಚಿನ ವೈದ್ಯರು ಎಲ್ಲರೂ ನಂಬಿದ್ದ ಕಾಲ ಅದು. ಕುಡಿಯುವ ನೀರಿನಿಂದ ಬರುತ್ತೆ ಅಂತ 1849ರಲ್ಲೇ ಬರೆದಿದ್ದವರು ಡಾ. ಜಾನ್ ಸ್ನೋ.

ಸ್ನೋ ಯಾರ್ಕ್ ಊರಿನ ಕೂಲಿಕಾರನ ಮಗ. 14ನೇ ವಯಸ್ಸಿಗೆ ನ್ಯೂಕ್ಯಾಸಲ್‌ನ ಸರ್ಜನ್ ಒಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಹದಿಹರೆಯದಲ್ಲೇ ಕಲ್ಲಿದ್ದಲು ಗಣಿಯ ಕಾಲರಾ ರೋಗಿಗಳನ್ನು ನೋಡಿಕೊಂಡರು. 1838ರಲ್ಲಿ ಸರ್ಜನ್ ಪದವಿ ಪಡೆದು, ಮುಂದೆ ಅರಿವಳಿಕೆ ಕೊಡುವುದರಲ್ಲಿ ಎಷ್ಟು ಹೆಸರು ಮಾಡಿದರೆಂದರೆ, 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟಿದ್ದು ಇವರೇ. ಅಷ್ಟಾದ ಮೇಲೆ ಆರಾಮಾಗಿ ಇರಬಹುದಿತ್ತು. ಆದರೆ ಮುಂದಿನ ವರ್ಷವೇ, ಜನ ಖಾಲಿ ಮಾಡಿ ಓಡುತ್ತಿದ್ದ ಈ ಬೀದಿಯಲ್ಲಿ ಮನೆಮನೆ ಬಾಗಿಲು ತಟ್ಟುತ್ತಾ ತಿರುಗಿದರು.

ನಾವು ಡೇಟಾ ಅಂದ ತಕ್ಷಣ ಅವರ ಪ್ರಸಿದ್ಧ ನಕ್ಷೆ ನೆನೆಸಿಕೊಳ್ಳುತ್ತೇವೆ. ನಿಜವಾಗಿ ನಕ್ಷೆ ಬಂದಿದ್ದು ಆಮೇಲೆ. ಮೊದಲು ಬಂದಿದ್ದು ಪ್ರಶ್ನೆಗಳು. ನೋಂದಣಿ ಕಚೇರಿಯಿಂದ 83 ಸಾವುಗಳ ಪಟ್ಟಿ ತಂದರು. ಬಹುಪಾಲು ಈ ಪಂಪಿನ ಹತ್ತಿರದವು. 10 ಮಾತ್ರ ಬೇರೆ ಪಂಪಿಗೆ ಹತ್ತಿರ. ನಾನಾಗಿದ್ದರೆ ‘ಎಕ್ಸೆಪ್ಶನ್’ ಅಂತ ಪಕ್ಕಕ್ಕಿಡುತ್ತಿದ್ದೆ. ಸ್ನೋ ಆ ಮನೆಗಳಿಗೂ ಹೋದರು. ಅವರಲ್ಲಿ ಐವರ ಮನೆಯವರು ಯಾವಾಗಲೂ ಇದೇ ಪಂಪಿನ ನೀರು ತರಿಸುತ್ತಿದ್ದರು. ಮೂವರು ಈ ಪಂಪಿನ ಹತ್ತಿರದ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಇನ್ನೂ ಮುಖ್ಯವಾದದ್ದು, ಸಾಯದೆ ಉಳಿದವರನ್ನೂ ವಿಚಾರಿಸಿದರು. ಇದೇ ಬೀದಿಯ ಬಿಯರ್ ಕಾರ್ಖಾನೆಯಲ್ಲಿ 70ಕ್ಕೂ ಹೆಚ್ಚು ಕೆಲಸಗಾರರು, ಒಬ್ಬರೂ ಸತ್ತಿರಲಿಲ್ಲ. ಅವರು ಕುಡಿಯುತ್ತಿದ್ದದ್ದು ಬಿಯರ್, ಜೊತೆಗೆ ಕಾರ್ಖಾನೆಗೆ ಸ್ವಂತ ಬಾವಿ. ಇನ್ನೊಂದೆಡೆ, ಕಾಲರಾ ಸುಳಿವೇ ಇಲ್ಲದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತಿದ್ದರು. ಮೊದಲು ಇಲ್ಲೇ ಇದ್ದವರು. ಈ ನೀರಿನ ರುಚಿ ಬಿಡಲಾಗದೆ ದಿನಾ ಗಾಡಿಯಲ್ಲಿ ತರಿಸಿ ಕುಡಿಯುತ್ತಿದ್ದರಂತೆ.

ಇಲ್ಲಿ ನಂದೊಂದು ಮಾತು. ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಲ್ಲಿ ಮನೆಮನೆಗೂ ವಾಂತಿ-ಭೇದಿ. ನಮ್ಮಮ್ಮ ಮೂರು ದಿನ ಆಸ್ಪತ್ರೆಯಲ್ಲಿದ್ದರು. ವಾಟ್ಸಾಪ್ ಗ್ರೂಪಲ್ಲಿ ‘ಹೊರಗಿನ ಪಾನಿಪುರಿ’ ಅಂತ ತೀರ್ಮಾನವಾಯಿತು. ನಾನೊಂದು ಗೂಗಲ್ ಫಾರ್ಮ್ ಕಳಿಸಿದೆ, ಹನ್ನೊಂದು ಉತ್ತರ ಬಂತು, ಸುಮ್ಮನಾದೆ. ಹುಷಾರಾಗಿದ್ದ ಬಿ ಬ್ಲಾಕಿನವರನ್ನು ಕೇಳಲೇ ಇಲ್ಲ. ಅವರ ಸಂಪು ಬೇರೆ ಇತ್ತು! ನಮ್ಮ ಸಂಪಿಗೆ ಚರಂಡಿ ನೀರು ಸೇರುತ್ತಿದೆ ಅಂತ ಗೊತ್ತಾಗಿದ್ದು ಹತ್ತು ದಿನದ ಮೇಲೆ. ಅಷ್ಟರಲ್ಲಿ ಇನ್ನೆಷ್ಟೋ ಮಕ್ಕಳು ಮಲಗಿದ್ದರು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಆಡಳಿತ ಸಮಿತಿಯ ಮುಂದೆ ನಿಂತು ತಮ್ಮ ಲೆಕ್ಕ ಒಪ್ಪಿಸಿದರು. ಮರುದಿನ ಪಂಪಿನ ಹಿಡಿಕೆ ಕಳಚಿದರು. ಅಷ್ಟೊತ್ತಿಗೆ ರೋಗ ಇಳಿಮುಖವಾಗಿತ್ತು, ಇದನ್ನು ಸ್ನೋ ಅವರೇ ಬರೆದಿದ್ದಾರೆ. ಹಾಗಾದರೆ ಹಿಡಿಕೆ ತೆಗೆದದ್ದು ವ್ಯರ್ಥವೇ?

ಉತ್ತರ ಕೊಟ್ಟವರು ಹೆನ್ರಿ ವೈಟ್‌ಹೆಡ್ ಅನ್ನೋ ಪಾದ್ರಿ. ಸ್ನೋ ಹೇಳಿದ್ದು ಸುಳ್ಳು ಅಂತ ತೋರಿಸಲು ಹೊರಟವರು, ವಿಚಾರಿಸುತ್ತಾ ಅವರ ಪಕ್ಷಕ್ಕೇ ಬಂದರು. ಪಂಪಿನ ಎದುರಿನ 40ನೇ ನಂಬರಿನ ಮನೆಯಲ್ಲಿ ಒಂದು ಕೂಸಿಗೆ ಮೊದಲು ಭೇದಿಯಾಗಿತ್ತು. ಬಟ್ಟೆ ತೊಳೆದ ನೀರನ್ನು ತಾಯಿ ಕಕ್ಕಸು ಗುಂಡಿಗೆ ಸುರಿದಿದ್ದಳು. ಅಗೆದು ನೋಡಿದರೆ ಗುಂಡಿಗೂ ಬಾವಿಗೂ ಸುಮಾರು ಮೂರು ಅಡಿ ಅಂತರ, ನಡುವೆ ಶಿಥಿಲವಾದ ಇಟ್ಟಿಗೆ. ಹಿಡಿಕೆ ಕಳಚಿದ ಸೆಪ್ಟೆಂಬರ್ 8ರಂದೇ ಆ ಕೂಸಿನ ಅಪ್ಪನಿಗೂ ಕಾಲರಾ ಹಿಡಿಯಿತು. ಪಂಪು ನಡೆಯುತ್ತಿದ್ದರೆ ಎರಡನೇ ಅಲೆ ಎದ್ದೇಳುವ ಸಾಧ್ಯತೆ ಇತ್ತು.

ಇಷ್ಟಾದರೂ ಸರ್ಕಾರದ ಆರೋಗ್ಯ ಮಂಡಳಿ ನಂಬಲಿಲ್ಲ. ಸ್ನೋ 1858ರಲ್ಲಿ, 45ನೇ ವಯಸ್ಸಿಗೆ ತೀರಿಕೊಂಡರು. ಕಾಲರಾ ರೋಗಾಣುವನ್ನು ರಾಬರ್ಟ್ ಕಾಖ್ ಈಜಿಪ್ಟ್ ಮತ್ತು ಕಲ್ಕತ್ತಾದಲ್ಲಿ ಗುರುತಿಸಿದ್ದು 1883-84ರಲ್ಲಿ.

ನೀವು ಆ ಕಡೆ ಹೋದರೆ ಹತ್ತು ನಿಮಿಷ ಸಾಕು, ಟಿಕೆಟ್ ಇಲ್ಲ. ಹತ್ತಿರದ ಮೂಲೆಯಲ್ಲೇ ‘ಜಾನ್ ಸ್ನೋ’ ಹೆಸರಿನ ಪಬ್ ಇದೆ. ಬಾಳಿನ ಬಹುಪಾಲು ಮದ್ಯ ಮುಟ್ಟದೆ ಬದುಕಿದವರ ಹೆಸರಲ್ಲಿ ಪಬ್! ಒಳಗೆ ಹೋಗಿ ಒಂದು ಲೋಟ ನೀರು ಕೇಳಿದೆ. ನಲ್ಲಿಯಿಂದ ಹಿಡಿದು ಕೊಟ್ಟರು. ಯೋಚನೆಯೇ ಮಾಡದೆ ಕುಡಿದೆ.

ವಾಪಸ್ ಬಂದ ತಿಂಗಳಲ್ಲೇ ಗ್ರೂಪಲ್ಲಿ ‘ನೀರು ವಾಸನೆ ಬರ್ತಿದೆ’ ಅಂತ ಮೆಸೇಜ್ ಬಂತು. ಈ ಸಲ ಫಾರ್ಮ್ ಕಳಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಿ ಬ್ಲಾಕಿನಿಂದಲೇ ಶುರು ಮಾಡಿದೆ.