ಹೆಸರನ್ನು ಓದುವವರು

ಹೋದ ವರ್ಷ ಏಪ್ರಿಲ್ ತಿಂಗಳಿನಲ್ಲಿ ಮಗಳ ಮನೆಗೆಂದು ನಾನು ನ್ಯೂಜಿಲೆಂಡ್ ದೇಶಕ್ಕೆ ಹೋಗಿದ್ದೆನು. ಅವಳಿರುವುದು ಹೈನಿನಿಂದ ಜೀವಿಸುವ ಒಂದು ಹಳ್ಳಿ. ಅಲ್ಲಿ ತಗಡಿನ ಮಾಡಿನ ಸಾಧಾರಣವಾದ ಭವನವೊಂದಿದೆ. ಮದುವೆಯ ಔತಣ, ಮಕ್ಕಳ ನಾಟಕ, ಮುದುಕರ ಇಸ್ಪೀಟು, ಎಲ್ಲವೂ ಅಲ್ಲಿಯೇ. ಬಾಗಿಲಿನ ಪಕ್ಕದ ಮರದ ಹಲಗೆಯ ಮೇಲೆ ಹೆಸರುಗಳ ಒಂದು ಸಾಲು. ಅದು ಯುದ್ಧಸ್ಮಾರಕ ಭವನವೆಂದು ಮಗಳು ತಿಳಿಸಿದಳು.

೧೯೧೪ರಲ್ಲಿ ಆ ದೇಶದ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ತುಸು ಹೆಚ್ಚು. ಒಂದನೆಯ ಮಹಾಯುದ್ಧದಲ್ಲಿ ಮಡಿದವರೋ ಸುಮಾರು ೧೮,೦೦೦. ಎರಡನೆಯದರಲ್ಲಿ ಮತ್ತೆ ಸುಮಾರು ೧೨,೦೦೦ ಮಂದಿ. ಮಡಿದ ನಾಡಿನಲ್ಲಿಯೇ ಹೂಳುವುದು ಆಗಿನ ನಿಯಮವಾಗಿದ್ದುದರಿಂದ ಹೆಚ್ಚಿನ ತಾಯಂದಿರು ಮಗನ ಸಮಾಧಿಯನ್ನೂ ಕಾಣಲಿಲ್ಲ; ಹೆಸರೊಂದೇ ಊರಿಗೆ ಮರಳಿತು. ಮೊದಲನೆಯ ಯುದ್ಧದ ತರುವಾಯ ಊರೂರಲ್ಲಿ ಕಲ್ಲಿನ ಕಂಬಗಳನ್ನು ನಿಲ್ಲಿಸಿದರು. ಎರಡನೆಯದರ ತರುವಾಯ, ಬದುಕಿರುವವರಿಗೆ ಉಪಯೋಗವಾಗುವುದೇ ಸತ್ತವರಿಗೆ ತಕ್ಕ ಸ್ಮಾರಕವೆಂಬ ಅಭಿಪ್ರಾಯವು ಬಲವಾಯಿತು. ಊರವರು ಒಂದು ಪೌಂಡು ಕೂಡಿಸಿದರೆ ತಾನೂ ಒಂದು ಪೌಂಡು ಕೊಡುವೆನೆಂದು ೧೯೪೬ರಲ್ಲಿ ಸರ್ಕಾರವು ಸಾರಿತು. ಹೀಗೆ ಹಲವು ಹಳ್ಳಿಗಳಲ್ಲಿ ಭವನಗಳೆದ್ದುವು.

ಏಪ್ರಿಲ್ ೨೫, ಅವರ ಸೈನಿಕರು ೧೯೧೫ರಲ್ಲಿ ತುರ್ಕಿಯ ಗ್ಯಾಲಿಪೊಲಿಯ ದಡದಲ್ಲಿ ಇಳಿದ ದಿನ. ಅಂದು ಕತ್ತಲಿರುವಾಗಲೇ ಊರವರು ಅಲ್ಲಿ ನೆರೆದರು. ಶಾಲೆಯ ಹುಡುಗಿಯೊಬ್ಬಳು ಹಲಗೆಯ ಹೆಸರುಗಳನ್ನು ಒಂದೊಂದಾಗಿ ಓದಿದಳು. ಒಂದೇ ಮನೆತನದ ಹೆಸರು ಎರಡು ಸಲ ಬಂದಾಗ ನನ್ನ ಎದೆ ನಡುಗಿತು.

ಆಗ ನೆನಪಾದುದು ನಮ್ಮೂರ ಕೆರೆಯ ಸೋಪಾನದಲ್ಲಿ ಮೇಲ್ಮುಖವಾಗಿ ಹಾಸಿದ್ದ ವೀರಗಲ್ಲು. ಅದರ ಮೇಲೆ ಬಟ್ಟೆ ಒಗೆಯುವುದನ್ನು ಬಾಲ್ಯದಿಂದ ಕಂಡಿದ್ದೆನು. ಮೂವತ್ತು ವರ್ಷ ಮಕ್ಕಳಿಗೆ 'ಯಶಃಶರೀರ'ವೆಂಬ ಸಮಾಸವನ್ನು ಬಿಡಿಸಿ ಹೇಳಿದ ನಾನು ಒಂದು ದಿನವಾದರೂ ಅವರನ್ನು ಆ ಕಲ್ಲಿನ ಬಳಿಗೆ ಕರೆದೊಯ್ಯಲಿಲ್ಲ. ಉಪಯೋಗಕ್ಕೆ ಅದೇನೂ ಕಡಮೆಯಾಗಿರಲಿಲ್ಲ. ಓದುವವರು ಇರಲಿಲ್ಲ, ಅಷ್ಟೆ.

ಊರಿಗೆ ಮರಳಿದೊಡನೆ ಶಾಸನಗಳನ್ನು ಬಲ್ಲ ಮಿತ್ರರೊಬ್ಬರೊಡನೆ ಹೋಗಿ ಕಲ್ಲನ್ನು ಶುಚಿಗೊಳಿಸಿದೆನು. ತುರುಗಳನ್ನು ಬಿಡಿಸಿ ತಂದು ಮಡಿದನೆಂಬಷ್ಟು ತಿಳಿಯಿತು. ಹೆಸರಿದ್ದ ಸ್ಥಳವು ಮಾತ್ರ ಒಗೆತದಿಂದ ಸವೆದುಹೋಗಿತ್ತು.

ವಾಚಕರೇ, ನಿಮ್ಮೂರಲ್ಲಿಯೂ ಅಂಥ ಕಲ್ಲಿದ್ದರೆ, ಮಕ್ಕಳ ಕೈಹಿಡಿದುಕೊಂಡು ಇಂದೇ ಹೋಗಿ ನೋಡಿರಿ.